ಸ್ವಿಚ್ ಹಾಕಿದ ದಿನ ಇರದ ದಿವಾನರು

ಚೆನ್ನೈಯ ಪೋರೂರಿನಲ್ಲಿ ಐಟಿ ಕಟ್ಟಡವೊಂದರ ಕಂಟ್ರೋಲ್ ರೂಮ್ ನೋಡಿಕೊಳ್ಳುವುದು ನನ್ನ ಕೆಲಸ. ಊರು ಮಳವಳ್ಳಿ ಕಡೆ. ಅದು ಎಲ್ಲಿದೆ ಎಂದು ಇಲ್ಲಿ ಯಾರಾದರೂ ಕೇಳಿದರೆ ಶಿವನಸಮುದ್ರದ ಹತ್ತಿರ ಅನ್ನುತ್ತೇನೆ. ಕೂಡಲೇ ಕಾವೇರಿ ನೀರಿನ ಮಾತು ಬರುತ್ತದೆ. ನಾನು ಮಾತನ್ನು ಮೆಲ್ಲಗೆ ಕರೆಂಟಿನ ಕಡೆಗೆ ತಿರುಗಿಸುತ್ತೇನೆ. ಯಾಕೆಂದರೆ ಆ ಜಲಪಾತದಿಂದ ಕರೆಂಟ್ ತೆಗೆಸಿದ ದಿವಾನರು ಓದಿದ್ದು ಇದೇ ಚೆನ್ನೈಯಲ್ಲಿ. ನಾನು ಕೆಲಸ ಹುಡುಕಿ ಬಂದ ದಾರಿಯಲ್ಲೇ ಅವರು ಎದುರು ದಿಕ್ಕಿಗೆ ಹೋದವರು.

ಕೆ. ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರಲ್ಲಿ, ಪಾಲಕ್ಕಾಡಿನ ಬಳಿಯ ಕುಮಾರಪುರದಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಮುಗಿಸಿ 1868ರಲ್ಲಿ ಮೈಸೂರು ಸರ್ಕಾರದ ನೌಕರಿಗೆ ಸೇರಿದರು. ಅವರಿಗೆ ದಾರಿ ತೋರಿದವರು ಮದರಾಸು ಸೀಮೆಯಿಂದಲೇ ಬಂದಿದ್ದ ರಂಗಾಚಾರ್ಲು. 1883ರಲ್ಲಿ ರಂಗಾಚಾರ್ಲು ತೀರಿಕೊಂಡಾಗ ದಿವಾನಗಿರಿ ಶೇಷಾದ್ರಿ ಅಯ್ಯರ್ ಪಾಲಿಗೆ ಬಂತು. ಆಗ ಅವರಿಗೆ 37 ವರ್ಷ. ಆಮೇಲೆ 18 ವರ್ಷ ಆ ಕುರ್ಚಿ ಬಿಡಲಿಲ್ಲ. ಮೈಸೂರಿನಲ್ಲಿ ಅತಿ ದೀರ್ಘಕಾಲ ನಡೆದ ದಿವಾನಗಿರಿಗಳಲ್ಲಿ ಅದೂ ಒಂದು.

ಆ ಅವಧಿ ಸುಖದ್ದೇನಲ್ಲ. 1894ರಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಹಠಾತ್ತನೆ ತೀರಿಕೊಂಡರು. ಯುವರಾಜರು ಇನ್ನೂ ಬಾಲಕರು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆದರು, ಆಡಳಿತದ ಭಾರ ದಿವಾನರ ಹೆಗಲಿಗೆ ಬಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇದರ ನಡುವೆಯೇ ಹೆಸರಘಟ್ಟದಿಂದ ನಗರಕ್ಕೆ ನಲ್ಲಿ ನೀರು ಬಂತು, ವಿಕ್ಟೋರಿಯಾ ಆಸ್ಪತ್ರೆ ಎದ್ದಿತು, ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಹಿಡಿಯಿತು.

ಆದರೂ ಒಂದು ದೂರು ಅವರ ಬೆನ್ನು ಬಿಡಲಿಲ್ಲ. ದೊಡ್ಡ ಹುದ್ದೆಗಳೆಲ್ಲ ಮದರಾಸಿನವರಿಗೇ ಹೋಗುತ್ತಿವೆ, ಮೈಸೂರಿನ ಮಕ್ಕಳು ಹಿಂದೆ ನಿಂತಿದ್ದಾರೆ ಎಂಬ ದೂರು. ಅದರಲ್ಲಿ ನಿಜವೂ ಇತ್ತು. ಹೊರಗಿನಿಂದ ಬಂದವನು ಎಷ್ಟು ದುಡಿದರೂ ಹೊರಗಿನವನೇ ಎಂಬುದನ್ನು ಪೋರೂರಿನಲ್ಲಿ ಕೂತ ನಾನು ಬಲ್ಲೆ. ಓದಿದ ಹುಡುಗನಿಗೆ ತನ್ನ ಊರಿನಲ್ಲೇ ಕೆಲಸ ಸಿಗದಾಗ ಆಗುವ ಸಂಕಟವನ್ನೂ ಬಲ್ಲೆ. ಎರಡೂ ಕಡೆ ನಿಂತು ನೋಡಿದ ಮೇಲೆ ಯಾರನ್ನೂ ಬೈಯಲು ಮನಸ್ಸು ಬರುವುದಿಲ್ಲ.

ಈಗ ಕರೆಂಟಿನ ಕತೆ. ಕೋಲಾರದ ಚಿನ್ನದ ಗಣಿಗಳು ಉಗಿ ಯಂತ್ರದ ಮೇಲೆ ನಡೆಯುತ್ತಿದ್ದವು, ಒಲೆಗೆ ಹಾಕುವ ಇಂಧನದ ಖರ್ಚು ಭಾರಿ. ಇತ್ತ ಶಿವನಸಮುದ್ರದಲ್ಲಿ ಕಾವೇರಿ ಸುಮ್ಮನೆ ಧುಮುಕುತ್ತಿದ್ದಳು. ಕೆನಡಾ ಮೂಲದ ಎಂಜಿನಿಯರ್ ಕ್ಯಾಪ್ಟನ್ ಲೊಟ್ಬಿನಿಯರ್ ಈ ಎರಡನ್ನೂ ತಂತಿಯಿಂದ ಜೋಡಿಸುವ ಯೋಜನೆ ಹಾಕಿದರು. ನಡುವಿನ ದೂರ 92 ಮೈಲಿ. ಅಷ್ಟು ದೂರ ವಿದ್ಯುತ್ ಸಾಗಿಸಿದ ಉದಾಹರಣೆ ಭಾರತದಲ್ಲಿ ಇರಲೇ ಇಲ್ಲ. ದುಡ್ಡು ಮುಳುಗಿದರೆ ಹೊಣೆ ದಿವಾನರದು. ಅವರು ಒಪ್ಪಿದರು. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು, ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. 720 ಕಿಲೋವ್ಯಾಟಿನ ಆರು ಜನರೇಟರ್. ಇವತ್ತು ದೊಡ್ಡದೊಂದು ಐಟಿ ಪಾರ್ಕಿನ ಡಿಜಿ ಸೆಟ್‌ಗಳೇ ಅಷ್ಟು ಕೊಟ್ಟಾವು. ಆದರೆ ಆ ಕಾಲಕ್ಕೆ ಅದು ಬೆರಗು.

ನನ್ನಂಥವನಿಗೆ ಕುತೂಹಲ ಇರುವುದು ಅಲ್ಲಿನ ಸ್ವಿಚ್‌ಬೋರ್ಡಿನ ಮುಂದೆ ನಿಂತವನ ಬಗ್ಗೆ. ಗಣಿಯಲ್ಲಿ ತೊಟ್ಟಿಲು ಎತ್ತುವ ಯಂತ್ರ ಶುರುವಾದರೆ 92 ಮೈಲಿ ಆಚೆ ಜನರೇಟರಿನ ಮೇಲೆ ಭಾರ ಬೀಳುತ್ತದೆ, ಅದರ ವೇಗ ಇಳಿಯುತ್ತದೆ. ತಕ್ಷಣ ಟರ್ಬೈನಿಗೆ ನೀರು ಹೆಚ್ಚಿಸಬೇಕು. ನಡುದಾರಿಯಲ್ಲಿ ಲೈನ್ ಕಡಿದರೆ ಭಾರ ಒಮ್ಮೆಲೇ ಇಳಿದು ಟರ್ಬೈನು ಮಿತಿ ಮೀರಿ ಓಡುತ್ತದೆ, ಆಗ ನೀರು ಕಟ್ಟಬೇಕು. ನನ್ನ ಮುಂದೆ ಕಂಪ್ಯೂಟರ್ ಪರದೆ ಇದೆ. ಬ್ರೇಕರ್ ತಾನೇ ಟ್ರಿಪ್ ಆಗುತ್ತದೆ, ಇ.ಬಿ. ಕರೆಂಟ್ ಹೋದರೆ ಡಿಜಿ ತಾನೇ ಎದ್ದುಕೊಳ್ಳುತ್ತದೆ. ಅವನಿಗೆ ಮೀಟರಿನ ಮುಳ್ಳು, ಹಿಡಿಕೆ, ಯಂತ್ರದ ಸದ್ದು, ಇಷ್ಟೇ ಆಧಾರ. ತಂತಿಯಲ್ಲಿ ಹರಿಯುತ್ತಿದ್ದದ್ದು 35,000 ವೋಲ್ಟ್.

1902ರ ಜೂನ್ 30ರಂದು ಕಾವೇರಿಯ ಶಕ್ತಿ ಕೋಲಾರದ ಗಣಿ ಮುಟ್ಟಿತು. ಆ ದಿನ ಶೇಷಾದ್ರಿ ಅಯ್ಯರ್ ಇರಲಿಲ್ಲ. ಆರೋಗ್ಯ ಕೆಟ್ಟು 1901ರ ಮಾರ್ಚ್‌ನಲ್ಲಿ ದಿವಾನಗಿರಿ ಬಿಟ್ಟಿದ್ದರು, ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿದ್ದರು. ಇನ್ನೊಂದು ವರ್ಷ ಬದುಕಿದ್ದರೆ ಕಣ್ಣಾರೆ ನೋಡುತ್ತಿದ್ದರು.

ಆ ಕರೆಂಟ್ ಮೊದಲು ಹೋದದ್ದು ಬ್ರಿಟಿಷ್ ಕಂಪನಿಗಳ ಗಣಿಗೆ ಎಂಬುದನ್ನು ಮರೆಯುವಂತಿಲ್ಲ. ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ, ಮೈಸೂರಿಗೆ 1908ರಲ್ಲಿ. ಲೈನ್ ಕೆಳಗಿನ ನಮ್ಮ ಹಳ್ಳಿಗಳು ದಶಕಗಟ್ಟಲೆ ಸೀಮೆಎಣ್ಣೆ ಬುಡ್ಡಿಯಲ್ಲೇ ಇದ್ದವು. ಆದರೆ ಗಣಿಗಳಿಂದ ಬಂದ ಹಣ ಮೈಸೂರು ಖಜಾನೆಯನ್ನು ತುಂಬಿತು. ಬೇಸಗೆಯಲ್ಲೂ ಶಿವನಸಮುದ್ರಕ್ಕೆ ನೀರು ತಪ್ಪಬಾರದು ಎಂಬುದು ಕನ್ನಂಬಾಡಿ ಕಟ್ಟೆ ಕಟ್ಟಲು ಒಂದು ಮುಖ್ಯ ಕಾರಣವಾಯಿತು. ಮಂಡ್ಯದ ಗದ್ದೆ ಹಸಿರಾದದ್ದರ ಹಿಂದೆ ಆ ತಂತಿಯ ಋಣವೂ ಇದೆ.

ಇಲ್ಲಿನ ಗೆಳೆಯರಿಗೆ ನಾನು ಹೇಳುವುದು ಇನ್ನೂ ಒಂದಿದೆ. ಟರ್ಬೈನು ನೀರನ್ನು ಕುಡಿಯುವುದಿಲ್ಲ. ಸುಮಾರು 400 ಅಡಿ ಇಳಿಯುವಾಗಿನ ಬಲವನ್ನಷ್ಟೇ ಪಡೆದು ಮತ್ತೆ ನದಿಗೇ ಬಿಡುತ್ತದೆ. ನಮ್ಮ ಕಡೆ ದೀಪ ಹಚ್ಚಿದ ನೀರೇ ಮುಂದೆ ತಂಜಾವೂರಿನ ಗದ್ದೆಗೆ ಹರಿಯುತ್ತದೆ. ಇವತ್ತು ತಮಿಳುನಾಡೂ ಸೇರಿದಂತೆ ದಕ್ಷಿಣದ ಇಡೀ ವಿದ್ಯುತ್ ಜಾಲದ ಮೇಲೆ ಕಣ್ಣಿಟ್ಟಿರುವ ಕಂಟ್ರೋಲ್ ರೂಮ್ ಇರುವುದು ಬೆಂಗಳೂರಿನ ರೇಸ್‌ಕೋರ್ಸ್ ಬಳಿ, ಶೇಷಾದ್ರಿ ರಸ್ತೆಗೆ ಹೆಚ್ಚು ದೂರವೇನಲ್ಲ. ಪೋರೂರಿನ ನನ್ನ ಪ್ಯಾನೆಲ್ಲಿನಲ್ಲಿ ಫ್ರೀಕ್ವೆನ್ಸಿ 50ರ ಆಸುಪಾಸಿನಲ್ಲಿ ನಿಂತಿರುವುದರಲ್ಲಿ ಅಲ್ಲಿ ರಾತ್ರಿಪಾಳಿಯಲ್ಲಿ ಕೂತವರ ಪಾಲೂ ಇದೆ.

ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಪ್ರತಿಮೆ ಇದೆ, ಹಿಂದೆ ಅವರ ನೆನಪಿನ ಕಟ್ಟಡದಲ್ಲಿ ಗ್ರಂಥಾಲಯ. ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೂ ಅವರದೇ ಹೆಸರು. ಮೈಸೂರಿನವರು ಒಂದು ಕಾಲಕ್ಕೆ ಮದರಾಸಿನವರೆಂದು ದೂರಿದ ವ್ಯಕ್ತಿ ಇವರು. ಈಗ ಪೇಟೆಗೆ ಶೇಷಾದ್ರಿಪುರ ಎಂದು ಹೆಸರಿಟ್ಟು, ಅವರು ಯಾವ ಊರಿನವರು ಎಂದು ಕೇಳುವುದನ್ನೇ ಜನ ಬಿಟ್ಟಿದ್ದಾರೆ. ವಲಸೆ ಬಂದವನಿಗೆ ಇದಕ್ಕಿಂತ ದೊಡ್ಡ ಸನ್ಮಾನ ನನಗೆ ತೋಚುವುದಿಲ್ಲ.