ಭಕ್ತಿಭಂಡಾರಿಯ ಕಿಂಕರಭಾವ

೧೨ನೆಯ ಶತಮಾನದಲ್ಲಿ ಬಾಗೇವಾಡಿಯಲ್ಲಿ ಜನಿಸಿ, ಕೃಷ್ಣಾ-ಮಲಪ್ರಭೆಯರ ಸಂಗಮದಲ್ಲಿ ಬೆಳೆದು, ಮಂಗಳವಾಡದಲ್ಲಿ ಬಿಜ್ಜಳನ ಸೇವೆಗೆ ನಿಂತ ಶ್ರೀ ಬಸವೇಶ್ವರರು ಮುಂದೆ ಕಲ್ಯಾಣದಲ್ಲಿ ಭಂಡಾರಿಗಳಾದರು. ಅಧಿಕಾರವುಳ್ಳವನಿಗೆ ವಿನಯವು ಕಷ್ಟಸಾಧ್ಯ. ದಾನಿಗಂತೂ ಮತ್ತಷ್ಟು ಕಷ್ಟ. ಮಹಾಮನೆಯಲ್ಲಿ ನಿತ್ಯವೂ ಜಂಗಮದಾಸೋಹವು ಸಾಗುತ್ತಿರಲು, ಬೇಡಿದುದನ್ನೆಲ್ಲ ಕೊಡಬಲ್ಲೆನೆಂಬ ಭಾವವು ಅಣ್ಣನವರ ಮನದಲ್ಲಿ ಒಮ್ಮೆ ಮೊಳೆಯಿತೆಂಬುದನ್ನು ಶರಣಚರಿತೆಗಳು ಮರೆಮಾಚಿಲ್ಲ. ಅದನ್ನು ಕೇಳಿದ ಮಡಿವಾಳ ಮಾಚಯ್ಯನವರು ಕೆರಳಿದರು. ಶರಣರು ಬೇಡುವವರೇ? ಶಿವನಲ್ಲದೆ ಕೊಡುವವರು ಬೇರೆ ಉಂಟೇ? ಇದು ಅವರ ಆಕ್ಷೇಪ. ಅರಸನ ಭಂಡಾರಿಯು ಅಗಸರ ಮನೆಯ ಬಾಗಿಲಿಗೆ ಹೋಗಿ, ಅಡಿಗೆರಗಿ, ಕ್ಷಮೆ ಬೇಡಿದನು. ಮಾಚಯ್ಯನವರು ಚಿಮ್ಮಿಸಿದ ನೀರಿನ ಹನಿಗಳು ಮುತ್ತುರತ್ನಗಳಾದವೆಂದು ಕಥೆ. ಪವಾಡವನ್ನು ಬಿಟ್ಟರೂ ಬಿಡಬಹುದು, ಆ ಬಾಗಿಲಲ್ಲಿ ತಲೆಬಾಗಿ ನಿಂತ ಭಂಡಾರಿಯನ್ನು ಬಿಡುವಂತಿಲ್ಲ.

ಹುಟ್ಟಿನ ಹಿರಿಮೆಯನ್ನು ಅವರು ಮೊದಲೇ ತೊರೆದಿದ್ದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯನವರ ಮನೆಯವನೆಂದೇ ತಮ್ಮನ್ನು ಎಣಿಸಿಕೊಂಡರು. ತಮ್ಮ ಕುಂದುಗಳನ್ನು ಅಡಗಿಸದೆ ಸಂಗಮನಾಥನ ಮುಂದಿರಿಸಿ, ಆತನು ಕೈಬಿಡನೆಂದು ನೆಚ್ಚಿ ಬಾಳಿದರು. ಹೀಗೆ ನೆಚ್ಚಿದವರಿಗೆ ಪರರ ತಪ್ಪು ದೊಡ್ಡದಾಗಿ ಕಾಣದು. ಕಳ್ಳರು ಹಸುಗಳನ್ನು ಹೊಡೆದೊಯ್ದಾಗ, ತಾಯಿಯಗಲಿದ ಕರುಗಳ ಗೋಳನ್ನು ಕೇಳಲಾರದೆ, ಅವುಗಳನ್ನೂ ಕಳ್ಳರ ಬಳಿಗೇ ಕಳುಹಿಸಿದರಂತೆ.

ಹರಳಯ್ಯ-ಮಧುವರಸರ ಮಕ್ಕಳ ವಿವಾಹದಿಂದ ಕಲ್ಯಾಣವು ಕದಡಿತು. ಆ ಇಬ್ಬರು ಶರಣರಿಗೆ ಘೋರ ಶಿಕ್ಷೆಯಾಯಿತು. ಅಣ್ಣನವರು ಪದವಿಯನ್ನು ತೊರೆದು, ಬಾಲ್ಯದಲ್ಲಿ ತಮ್ಮನ್ನು ಪೊರೆದ ಕೂಡಲಸಂಗಮಕ್ಕೆ ಮರಳಿ ಅಲ್ಲಿಯೇ ಐಕ್ಯರಾದರು.