ಅಂಗಡಿಯ ಗಲ್ಲಾದಲ್ಲೇ ಸಿಗುತ್ತಿದ್ದ ಜನಪ್ರತಿನಿಧಿ: ಹಾರ್ವಿ ಮಿಲ್ಕ್

1973ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕ್ಯಾಸ್ಟ್ರೋ ರಸ್ತೆಯಲ್ಲಿ ಹಾರ್ವಿ ಮಿಲ್ಕ್ ಮತ್ತು ಅವರ ಸಂಗಾತಿ ಸ್ಕಾಟ್ ಸ್ಮಿತ್ ಒಂದು ಚಿಕ್ಕ ಕ್ಯಾಮೆರಾ ಅಂಗಡಿ ತೆರೆದರು. ಬಂಡವಾಳ, ಕೈಯಲ್ಲಿ ಉಳಿದಿದ್ದ ಕೊನೆಯ 1,000 ಡಾಲರ್. ಸ್ವಲ್ಪ ದಿನಕ್ಕೇ ಸರ್ಕಾರಿ ಅಧಿಕಾರಿಯೊಬ್ಬ ಬಂದು, ಮಾರಾಟ ತೆರಿಗೆಗೆ 100 ಡಾಲರ್ ಠೇವಣಿ ಇಡಬೇಕು ಅಂದ. ಅಂದರೆ ಬಂಡವಾಳದ ಹತ್ತನೇ ಒಂದು ಪಾಲು! ಅಂಗಡಿಯಲ್ಲೇ ಜೋರು ಜಗಳ ಆಯಿತು. ಮಿಲ್ಕ್ ಅಷ್ಟಕ್ಕೇ ಬಿಡಲಿಲ್ಲ. ವಾರಗಟ್ಟಲೆ ಸರ್ಕಾರಿ ಕಚೇರಿಗಳ ಬೆನ್ನು ಬಿದ್ದು ಆ ಠೇವಣಿಯನ್ನು 30 ಡಾಲರಿಗೆ ಇಳಿಸಿಕೊಂಡರು.

ಅದೇ ಸಮಯದಲ್ಲಿ ಶಿಕ್ಷಕಿಯೊಬ್ಬರು ಪ್ರೊಜೆಕ್ಟರ್ ಸಾಲ ಕೇಳಿಕೊಂಡು ಅಂಗಡಿಗೆ ಬಂದರಂತೆ. ಸರ್ಕಾರಿ ಶಾಲೆಯಲ್ಲಿ ಇದ್ದದ್ದು ಕೆಟ್ಟಿತ್ತು. ತೆರಿಗೆ ವಸೂಲಿಗೆ ಅಧಿಕಾರಿ ಬಾಗಿಲಿಗೇ ಬರ್ತಾನೆ, ಶಾಲೆಯ ಪ್ರೊಜೆಕ್ಟರ್ ರಿಪೇರಿಗೆ ಯಾರೂ ಬರೋದಿಲ್ಲ. ಈ ಲೆಕ್ಕ ಮಿಲ್ಕ್‌ಗೆ ಸರಿಕಾಣಲಿಲ್ಲ. ಅದೇ ವರ್ಷ ಚುನಾವಣೆಗೆ ನಿಂತರು.

ಅವರೂ ಹೊರಗಿನಿಂದ ಬಂದವರೇ. ಹುಟ್ಟಿದ್ದು 1930ರಲ್ಲಿ, ನ್ಯೂಯಾರ್ಕ್ ಪಕ್ಕದ ವುಡ್‌ಮಿಯರ್‌ನ ಯಹೂದಿ ಕುಟುಂಬದಲ್ಲಿ. ನೌಕಾಪಡೆ, ಶಾಲೆಯಲ್ಲಿ ಪಾಠ, ವಾಲ್ ಸ್ಟ್ರೀಟಿನ ನೌಕರಿ ಎಲ್ಲ ಮುಗಿಸಿ 1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ನೆಲೆಸಿದರು. ಅವರು ಸಲಿಂಗಿ, ಅದನ್ನು ಅಲ್ಲಿ ಮುಚ್ಚಿಡಲಿಲ್ಲ. 1975ರಲ್ಲಿ ಕಾನೂನು ಬದಲಾಗುವ ತನಕ ಕ್ಯಾಲಿಫೋರ್ನಿಯಾದಲ್ಲಿ ಅದು ಜೈಲಿಗೆ ಹಾಕಬಹುದಾದ ವಿಷಯ. ಹೊಡೆತ ತಿಂದವನೂ ಪೊಲೀಸ್ ಠಾಣೆಗೆ ದೂರು ಕೊಡಲು ಹೆದರುವ ಸ್ಥಿತಿ. ಅಂಥವರು ಹೋಗಿ ಹೇಳಿಕೊಳ್ಳುವ ಜಾಗ ಆ ಕ್ಯಾಮೆರಾ ಅಂಗಡಿಯೇ ಆಯಿತು. ಫಿಲ್ಮ್ ವ್ಯಾಪಾರ ಕಮ್ಮಿ, ಅಹವಾಲು ಜಾಸ್ತಿ.

ಅವರು ನಿಂತದ್ದು 'ಸೂಪರ್‌ವೈಸರ್' ಹುದ್ದೆಗೆ. ಗಲ್ಫ್ ಸೈಟಿನ ಸೂಪರ್‌ವೈಸರ್ ಅಲ್ಲ! ಅಲ್ಲಿ ಅದು ನಮ್ಮೂರಿನ ಕಾರ್ಪೊರೇಟರ್ ಥರದ ಹುದ್ದೆ. ಒಟ್ಟು 11 ಸ್ಥಾನ. ಆದರೆ ವಾರ್ಡ್ ಇರಲಿಲ್ಲ, ಎಲ್ಲರನ್ನೂ ಸುಮಾರು 7 ಲಕ್ಷ ಜನರ ಇಡೀ ನಗರವೇ ಆರಿಸಬೇಕು. ಹಾಗಾಗಿ ನಿಮ್ಮ ಬೀದಿಯ ದೀಪ ಹೋದರೆ ಹನ್ನೊಂದೂ ಜನ ನಿಮ್ಮವರೇ, ಕೇಳಲು ಹೋದರೆ ಒಬ್ಬರೂ ನಿಮ್ಮವರಲ್ಲ. ನಗರವಿಡೀ ಪ್ರಚಾರ ಮಾಡುವ ದುಡ್ಡು ಸಣ್ಣ ಅಂಗಡಿಯವನಿಗೆ ಎಲ್ಲಿಂದ ಬರಬೇಕು? 1973ರಲ್ಲಿ ಮಿಲ್ಕ್ 32 ಅಭ್ಯರ್ಥಿಗಳಲ್ಲಿ ಹತ್ತನೆಯವರಾದರು. 1975ರಲ್ಲಿ ಆರು ಸ್ಥಾನ ಖಾಲಿ, ಇವರು ಏಳನೆಯವರು. 1976ರಲ್ಲಿ ರಾಜ್ಯದ ಶಾಸನಸಭೆಗೆ ನಿಂತು 4,000ಕ್ಕೂ ಕಡಿಮೆ ಮತಗಳಿಂದ ಸೋತರು.

1976ರ ನವೆಂಬರಿನಲ್ಲಿ ನಗರದ ಜನ ಮತ ಹಾಕಿ ಪದ್ಧತಿಯನ್ನೇ ಬದಲಿಸಿದರು. ಜಿಲ್ಲೆಗೊಬ್ಬ ಪ್ರತಿನಿಧಿ. ಮರುವರ್ಷ 5ನೇ ಜಿಲ್ಲೆಯಲ್ಲಿ 16 ಎದುರಾಳಿಗಳ ನಡುವೆ ಮಿಲ್ಕ್ ಗೆದ್ದರು. ಮನುಷ್ಯ ಅದೇ, ಅಂಗಡಿಯೂ ಅದೇ, ಬದಲಾದದ್ದು ಗಡಿರೇಖೆ ಮಾತ್ರ. 1978ರ ಜನವರಿ 9ರಂದು ಕ್ಯಾಸ್ಟ್ರೋದಿಂದ ಸಿಟಿ ಹಾಲ್ ತನಕ ಜನರ ಜೊತೆ ನಡೆದುಕೊಂಡೇ ಹೋಗಿ ಅಧಿಕಾರ ವಹಿಸಿಕೊಂಡರು.

ಸಂಬಳ ವರ್ಷಕ್ಕೆ 9,600 ಡಾಲರ್. ಕೈಗೆತ್ತಿಕೊಂಡ ಕೆಲಸಗಳಲ್ಲಿ ದೊಡ್ಡದೂ ಇತ್ತು, ಚಿಕ್ಕದೂ ಇತ್ತು. ಮನೆ, ನೌಕರಿ ವಿಷಯದಲ್ಲಿ ಸಲಿಂಗಿಗಳಿಗೆ ತಾರತಮ್ಯ ಮಾಡಬಾರದೆಂಬ ನಿಯಮ ತಂದರು. ನಾಯಿ ಸಾಕುವವರೇ ಅದರ ಹೇಲು ಎತ್ತಬೇಕು ಎಂಬ ನಿಯಮವನ್ನೂ ತಂದರು. ಎರಡನೆಯದನ್ನು ಪ್ರಚಾರ ಮಾಡಲು ಪತ್ರಕರ್ತರನ್ನು ಪಾರ್ಕಿಗೆ ಕರೆದು, ಅವರ ಮುಂದೆ ತಾವೇ ಅದನ್ನು ತುಳಿದು ತೋರಿಸಿದರು. ಹೆಸರು ತಂದದ್ದು ಮೊದಲನೆಯದಾದರೂ ದಿನಾ ರಸ್ತೆಯಲ್ಲಿ ನಡೆಯುವವರಿಗೆ ಬೇಕಾದದ್ದು ಎರಡನೆಯದೇ ಇರಬೇಕು.

ಸಹೋದ್ಯೋಗಿ ಡ್ಯಾನ್ ವೈಟ್ ಮಾತ್ರ ಆ ಸಂಬಳ ಸಾಲದು ಅಂತ 1978ರ ನವೆಂಬರ್ 10ರಂದು ರಾಜೀನಾಮೆ ಕೊಟ್ಟರು. ಆಮೇಲೆ ಮನಸ್ಸು ಬದಲಿಸಿ ಹುದ್ದೆ ವಾಪಸ್ ಕೇಳಿದರು. ಕೊಡಬೇಡಿ ಎಂದು ಮೇಯರ್ ಜಾರ್ಜ್ ಮೊಸ್ಕೋನೆಗೆ ಹೇಳಿದವರಲ್ಲಿ ಮಿಲ್ಕ್ ಒಬ್ಬರು. ನವೆಂಬರ್ 27ರಂದು ಆ ಸ್ಥಾನಕ್ಕೆ ಬೇರೆಯವರ ಹೆಸರು ಪ್ರಕಟವಾಗುವುದಿತ್ತು. ಸಿಟಿ ಹಾಲ್ ಬಾಗಿಲಲ್ಲಿ ಮೆಟಲ್ ಡಿಟೆಕ್ಟರ್ ಇದ್ದದ್ದರಿಂದ ವೈಟ್ ನೆಲಮಾಳಿಗೆಯ ಕಿಟಕಿಯಿಂದ ರಿವಾಲ್ವರ್ ಸಮೇತ ಒಳಗೆ ಬಂದರು. ಮೇಯರರ ಅಪಾಯಿಂಟ್‌ಮೆಂಟ್ ಇರಲಿಲ್ಲ. ಆದರೂ ಮೊಸ್ಕೋನೆ ಒಳಗೆ ಕರೆದು ಕೂರಿಸಿದರು. ಅಲ್ಲೇ ಅವರ ಕೊಲೆಯಾಯಿತು. ವೈಟ್ ಅಲ್ಲಿಂದ ಮಿಲ್ಕ್ ಬಳಿ ಹೋಗಿ, ಒಂದು ನಿಮಿಷ ಬನ್ನಿ ಅಂತ ತಮ್ಮ ಹಳೆಯ ಕೋಣೆಗೆ ಕರೆದರು. ಮಿಲ್ಕ್ ಎದ್ದು ಹೋದರು. ಅಲ್ಲಿ ಅವರನ್ನೂ ಗುಂಡಿಟ್ಟು ಕೊಂದರು. ಆಗ ಮಿಲ್ಕ್ ವಯಸ್ಸು 48, ಅಧಿಕಾರದಲ್ಲಿದ್ದದ್ದು ಹನ್ನೊಂದು ತಿಂಗಳೂ ಇಲ್ಲ.

1980ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮತದಾರರು ಜಿಲ್ಲಾ ಪದ್ಧತಿ ರದ್ದು ಮಾಡಿದರು. ಅದು ಮರಳಿ ಬಂದದ್ದು 2000ದ ಚುನಾವಣೆಗೆ. ಅದಕ್ಕೆ ಒಂದು ವರ್ಷ ಮೊದಲು, 1999ರಲ್ಲಿ, ಅದೇ ಮತದಾರರು ಇನ್ನೊಂದು ಕಾನೂನಿಗೆ ಒಪ್ಪಿಗೆ ಕೊಟ್ಟಿದ್ದರು. ಮೇಯರ್ ಮತ್ತು ಇಲಾಖೆಗಳ ಮುಖ್ಯಸ್ಥರು ತಮ್ಮ ದಿನಚರಿ ಬರೆದಿಡಬೇಕು. ಎಷ್ಟು ಹೊತ್ತಿಗೆ, ಎಲ್ಲಿ, ಯಾವ ವಿಷಯಕ್ಕೆ ಸಭೆ ನಡೆಯಿತು ಅನ್ನುವುದು ಅದರಲ್ಲಿರಬೇಕು. ಮೂರು ಕೆಲಸದ ದಿನ ಕಳೆದ ಮೇಲೆ ಯಾರು ಬಂದು ಕೇಳಿದರೂ ಅದನ್ನು ತೋರಿಸಬೇಕು.