ಫ್ರೆಡರಿಕ್ ಬ್ಯಾಂಟಿಂಗ್: ಎರಡು ಇಂಜೆಕ್ಷನ್‌ಗಳ ನಡುವಿನ 12 ದಿನ

ನವೆಂಬರ್ 14 ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಮಕ್ಕಳ ದಿನಾಚರಣೆ, ಶಾಲೆಯಲ್ಲಿ ಹಂಚುತ್ತಿದ್ದ ಚಾಕೊಲೇಟು. ಅದೇ ದಿನವನ್ನು ವಿಶ್ವ ಮಧುಮೇಹ ದಿನ ಅಂತಲೂ ಆಚರಿಸುತ್ತಾರೆ. ಸಿಹಿ ಹಂಚುವ ದಿನವೇ ಸಕ್ಕರೆ ಕಾಯಿಲೆಯ ದಿನವೂ ಆಗಿರುವುದು ತಮಾಷೆ ಅನ್ನಿಸಬಹುದು, ಕಾರಣ ಮಾತ್ರ ಸರಳ. ನೆಹರೂ ಹುಟ್ಟಿ ಸರಿಯಾಗಿ ಎರಡು ವರ್ಷಕ್ಕೆ, 1891ರ ನವೆಂಬರ್ 14ರಂದು, ಕೆನಡಾದ ಆಂಟಾರಿಯೊ ಪ್ರಾಂತ್ಯದ ಅಲಿಸ್ಟನ್ ಹತ್ತಿರದ ಒಂದು ರೈತರ ಮನೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದರು. ಇನ್ಸುಲಿನ್ ಜೊತೆ ಇವತ್ತಿಗೂ ಮೊದಲು ಬರುವ ಹೆಸರು ಅವರದೇ.

ಈ ಸಂಚಿಕೆಗೆ ಅವರ ಬದುಕನ್ನೇ ಆರಿಸಿಕೊಂಡಿದ್ದಕ್ಕೆ ಒಂದು ಕಾರಣ ಇದೆ. ಹಾಸ್ಟೆಲ್‌ನಲ್ಲಿ, ಜಿಮ್‌ನಲ್ಲಿ ಈಗ ಪೆಪ್ಟೈಡ್ ಅನ್ನೋ ಮಾತು ಜೋರಾಗಿ ಓಡಾಡ್ತಿದೆ. ಭುಜ ನೋಯ್ತಿದೆ, ಮಂಡಿಯ ಲಿಗಮೆಂಟ್ ಹರಿದಿದೆ, ಬಿಪಿಸಿ-157 ಚುಚ್ಚಿಕೊಂಡ್ರೆ ಬೇಗ ವಾಸಿಯಾಗುತ್ತಂತೆ ಅಂತ. ಪೆಪ್ಟೈಡ್ ಅಂದ್ರೆ ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿದ ಸರ. ಬಿಪಿಸಿ-157ರಲ್ಲಿ 15 ಮಣಿಗಳಿವೆ, ಇನ್ಸುಲಿನ್‌ನಲ್ಲಿ 51. ಆ 51 ಮಣಿಗಳ ಸರ ಪ್ರಯೋಗಾಲಯದ ನಾಯಿಯಿಂದ ಮನುಷ್ಯನವರೆಗೆ ಹೇಗೆ ಬಂತು ಅನ್ನೋದನ್ನು ತಿಳಿದುಕೊಂಡರೆ, 15 ಮಣಿಗಳ ಸರವನ್ನು ಎಲ್ಲಿಡಬೇಕು ಅಂತ ನಮಗೇ ಹೊಳೆಯುತ್ತದೆ.

ಬ್ಯಾಂಟಿಂಗ್ ಓದಿನಲ್ಲಿ ರ್‍ಯಾಂಕ್ ವಿದ್ಯಾರ್ಥಿಯೇನಲ್ಲ. ಟೊರಾಂಟೊದಲ್ಲಿ ಆರ್ಟ್ಸ್ ಸೇರಿ ಮೊದಲ ವರ್ಷವೇ ಫೇಲಾದರು. ಆಮೇಲೆ 1912ರಲ್ಲಿ ವೈದ್ಯಕೀಯಕ್ಕೆ ಬಂದರು. ಮೊದಲ ಮಹಾಯುದ್ಧಕ್ಕೆ ಡಾಕ್ಟರುಗಳು ಬೇಕಾಗಿದ್ದರಿಂದ ಕೋರ್ಸನ್ನೇ ಬೇಗ ಮುಗಿಸಿ ಕಳಿಸಿದರು. 1918ರಲ್ಲಿ ಫ್ರಾನ್ಸಿನ ಕ್ಯಾಂಬ್ರೆ ಕದನದಲ್ಲಿ ಬಲಗೈಗೆ ಸಿಡಿಗುಂಡಿನ ಚೂರು ಹೊಕ್ಕಿತು. ಮಿಲಿಟರಿ ಕ್ರಾಸ್ ಪದಕ ಸಿಕ್ಕಿತು. ಗಾಯ ಮಾಯುವುದು ಎಷ್ಟು ನಿಧಾನ ಅಂತ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಯುದ್ಧ ಮುಗಿಸಿ ಬಂದು 1920ರಲ್ಲಿ ಆಂಟಾರಿಯೊದ ಲಂಡನ್ ಪಟ್ಟಣದಲ್ಲಿ ಕ್ಲಿನಿಕ್ ತೆರೆದರು. ರೋಗಿಗಳು ಬರಲಿಲ್ಲ. ಖರ್ಚಿಗೆ ಅಂತ ಅಲ್ಲಿನ ವೈದ್ಯಕೀಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಅಕ್ಟೋಬರ್ ಕೊನೆಯ ಒಂದು ರಾತ್ರಿ, ಪಾಠದ ತಯಾರಿಯಲ್ಲಿದ್ದಾಗ, ಮೇದೋಜೀರಕ ಗ್ರಂಥಿಯ ಮೇಲಿನ ಒಂದು ಲೇಖನ ಓದಿ ಮಲಗಿದರು. ನಿದ್ದೆ ಹತ್ತಲಿಲ್ಲ. ಎದ್ದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಗೀಚಿಟ್ಟರು: ನಾಯಿಯ ಆ ಗ್ರಂಥಿಯ ನಾಳವನ್ನು ಕಟ್ಟಿ, ಜೀರ್ಣರಸ ಮಾಡುವ ಭಾಗ ಒಣಗುವವರೆಗೆ ಕಾದು, ಉಳಿದ ಭಾಗದಿಂದ ಸಾರ ತೆಗೆಯಬೇಕು.

ಆಗ ಸಕ್ಕರೆ ಕಾಯಿಲೆ ಬಂದ ಮಕ್ಕಳಿಗೆ ಇದ್ದ ಚಿಕಿತ್ಸೆ ಒಂದೇ, ಹಸಿವು. ಊಟ ಕಡಿಮೆ ಮಾಡಿ ಮಾಡಿ ಸಾವನ್ನು ಕೆಲವು ತಿಂಗಳು ಮುಂದೂಡುವುದು, ಅಷ್ಟೇ.

ಟೊರಾಂಟೊ ವಿಶ್ವವಿದ್ಯಾಲಯದ ಪ್ರೊಫೆಸರ್ ಮೆಕ್ಲೌಡ್ ಅವರಿಗೆ ಮೊದಲು ಅನುಮಾನವೇ ಇತ್ತು. ಆದರೂ 1921ರ ಮೇ ತಿಂಗಳಲ್ಲಿ ಒಂದು ಲ್ಯಾಬು, ಕೆಲವು ನಾಯಿಗಳು, ಚಾರ್ಲ್ಸ್ ಬೆಸ್ಟ್ ಅನ್ನೋ ವಿದ್ಯಾರ್ಥಿಯನ್ನು ಕೊಟ್ಟರು. ಮೊದಮೊದಲು ನಾಯಿಗಳು ಒಂದಾದ ಮೇಲೊಂದು ಸತ್ತವು. ಜುಲೈ ಕೊನೆಯ ಹೊತ್ತಿಗೆ ಸಾರ ಚುಚ್ಚಿದ ನಾಯಿಯ ರಕ್ತದ ಸಕ್ಕರೆ ಇಳಿಯಿತು. ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ನಾಳ ಕಟ್ಟುವ ಅಗತ್ಯವೇ ಇರಲಿಲ್ಲ. ಕಸಾಯಿಖಾನೆಯಿಂದ ತಂದ ಹಸುವಿನ ಗ್ರಂಥಿಯಿಂದಲೂ ಸಾರ ಬರುತ್ತಿತ್ತು. ಅಂದ್ರೆ ನಿದ್ದೆಗೆಡಿಸಿದ ಆ ಐಡಿಯಾನೇ ಅರ್ಧ ತಪ್ಪು, ಆದರೂ ದಾರಿ ತೋರಿಸಿತು. ವರ್ಷದ ಕೊನೆಗೆ ಜೇಮ್ಸ್ ಕಾಲಿಪ್ ಅನ್ನೋ ಜೀವರಸಾಯನ ತಜ್ಞ ಸಾರವನ್ನು ಶುದ್ಧಿ ಮಾಡಲು ತಂಡ ಸೇರಿದರು.

ಬ್ಯಾಂಟಿಂಗ್‌ಗೆ ಕಾಯುವ ತಾಳ್ಮೆ ಇರಲಿಲ್ಲ. ಕಾಲಿಪ್ ಮುಂದೆ ಹೋಗಿಬಿಡ್ತಾರೆ ಅನ್ನೋ ಭಯವೂ ಇತ್ತು. ತಾವು ಮತ್ತು ಬೆಸ್ಟ್ ತಯಾರಿಸಿದ ಸಾರವನ್ನೇ ಮೊದಲು ಮನುಷ್ಯರಿಗೆ ಕೊಡಬೇಕು ಅಂತ ಪಟ್ಟು ಹಿಡಿದರು. 1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಹುಡುಗನ ತೂಕ ಆಗ 65 ಪೌಂಡ್, ಅಂದ್ರೆ 30 ಕೆಜಿಗೂ ಕಡಿಮೆ. ಸಕ್ಕರೆ 440ರಿಂದ 320ಕ್ಕೆ ಇಳಿಯಿತು, ಅಷ್ಟೇ. ಹುಡುಗನ ಸ್ಥಿತಿ ಸುಧಾರಿಸಲಿಲ್ಲ. ಚುಚ್ಚಿದ ಜಾಗದಲ್ಲಿ ಮಾತ್ರ ಬಾವು ಬಂತು. ಸಾರದಲ್ಲಿ ಬೇಡದ ಪದಾರ್ಥಗಳು ಬೇಕಾದಷ್ಟಿದ್ದವು.

ಡಾಕ್ಟರುಗಳು ಅಲ್ಲಿಗೇ ನಿಲ್ಲಿಸಿಬಿಟ್ಟರು.

ನಾವು ಈ ಕಥೆಯಲ್ಲಿ ಸ್ವಲ್ಪ ನಿಂತು ನೋಡಬೇಕಾದ ಜಾಗ ಇದೇ. ನಾಯಿಯಲ್ಲಿ ಕೆಲಸ ಮಾಡಿದ್ದು ನಿಜ. ಹುಡುಗ ಸಾಯುವ ಸ್ಥಿತಿಯಲ್ಲಿದ್ದದ್ದೂ ನಿಜ. ಬೇರೆ ಔಷಧಿ ಇರಲಿಲ್ಲ ಅನ್ನೋದೂ ನಿಜ. ಅಂಥ ಹೊತ್ತಿನಲ್ಲೂ, ಇನ್ನೊಂದು ಡೋಸ್ ಕೊಟ್ಟು ನೋಡೋಣ ಅನ್ನದೆ, ಮೊದಲು ಸಾರ ಶುದ್ಧವಾಗಲಿ ಅಂತ ಕಾದರು. ಮುಂದಿನ ಕೆಲಸ ಕಾಲಿಪ್ ಅವರದು. ಆಲ್ಕೊಹಾಲಿನ ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಬೇಡದ ಪ್ರೋಟೀನುಗಳು ತಳಕ್ಕೆ ಕೂರುತ್ತವೆ, ಇನ್ನೂ ಏರಿಸಿದರೆ ಬೇಕಾದ ಪದಾರ್ಥವೇ ಕೂರುತ್ತದೆ. ಜನವರಿ 23ರಂದು, ಅಂದರೆ 12 ದಿನ ಕಳೆದ ಮೇಲೆ, ಆ ಸಾರವನ್ನು ಲಿಯೊನಾರ್ಡ್‌ಗೆ ಕೊಟ್ಟರು. ಒಂದು ದಿನದಲ್ಲಿ ಸಕ್ಕರೆ 520ರಿಂದ 120ಕ್ಕೆ ಬಂತು. ಹುಡುಗ ಬದುಕಿದ, ಮುಂದೆ 13 ವರ್ಷ ಬಾಳಿದ.

ಇಷ್ಟಾದರೂ ಕಥೆ ಸುಗಮವಾಗಿ ಸಾಗಲಿಲ್ಲ. ವಿಧಾನ ಹೇಳಿಕೊಡುವ ವಿಷಯಕ್ಕೆ ಬ್ಯಾಂಟಿಂಗ್ ಮತ್ತು ಕಾಲಿಪ್ ಲ್ಯಾಬಿನಲ್ಲೇ ಕೈ ಕೈ ಮಿಲಾಯಿಸಿದರು. ದೊಡ್ಡ ಪ್ರಮಾಣದಲ್ಲಿ ಮಾಡಹೊರಟಾಗ ಕಾಲಿಪ್‌ಗೇ ತಮ್ಮ ವಿಧಾನ ಕೈಕೊಟ್ಟಿತು. ಬೀಕರಿನಲ್ಲಿ ಬಂದದ್ದು ದೊಡ್ಡ ಪಾತ್ರೆಯಲ್ಲಿ ಬರೋದಿಲ್ಲ ಅನ್ನೋದು ನಮ್ಮ ಕೆಮಿಕಲ್ ವಿಭಾಗದವರಿಗೆ ಹೊಸದೇನಲ್ಲ. ಕೆಲವು ವಾರ ಟೊರಾಂಟೊದಲ್ಲಿ ಇನ್ಸುಲಿನ್ನೇ ಇರಲಿಲ್ಲ. ಕೊನೆಗೆ ಅಮೆರಿಕದ ಇಲಾಯ್ ಲಿಲಿ ಕಂಪನಿ ಜೊತೆ ಸೇರಿ ದಾರಿ ಹುಡುಕಿದರು.

ಅಳತೆಯೂ ಒಂದು ಸಮಸ್ಯೆಯಾಗಿತ್ತು. ಹೆಚ್ಚು ಸಾರ ಚುಚ್ಚಿದ ಮೊಲಗಳು ಸಕ್ಕರೆ ತೀರಾ ಇಳಿದು ಫಿಟ್ಸ್ ಬಂದು ಒದ್ದಾಡುತ್ತಿದ್ದವು, ಗ್ಲೂಕೋಸ್ ಕೊಟ್ಟರೆ ಏಳುತ್ತಿದ್ದವು. ಆ ಮೊಲದ ಲೆಕ್ಕದಿಂದಲೇ ಇನ್ಸುಲಿನ್ ಯೂನಿಟ್ ಹುಟ್ಟಿತು. ಇವತ್ತು ನಮ್ಮ ಅಜ್ಜಿ ಪೆನ್ ತಿರುಗಿಸಿ ಇಷ್ಟು ಯೂನಿಟ್ ಅಂತ ಎಣಿಸೋದರ ಹಿಂದೆ ಆ ಲೆಕ್ಕ ಇದೆ. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಹಕ್ಕನ್ನು ತಲಾ 1 ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಅದು ಬರೀ ತ್ಯಾಗವಲ್ಲ. ಯಾರೋ ಒಬ್ಬರ ಏಕಸ್ವಾಮ್ಯ ಆಗಬಾರದು, ಸಿಕ್ಕಸಿಕ್ಕವರು ಕಳಪೆ ಮಾಲು ಮಾರಬಾರದು ಅನ್ನೋದೂ ಅದರ ಉದ್ದೇಶ.

1923ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲೌಡ್‌ಗೆ ನೊಬೆಲ್ ಘೋಷಣೆಯಾದಾಗ ಬ್ಯಾಂಟಿಂಗ್‌ಗೆ 32 ತುಂಬಿರಲಿಲ್ಲ. ವೈದ್ಯಕೀಯ ನೊಬೆಲ್ ಪಡೆದವರಲ್ಲಿ ಅವರಷ್ಟು ಕಿರಿಯರು ಇವತ್ತಿಗೂ ಯಾರೂ ಇಲ್ಲ. ಬೆಸ್ಟ್‌ನನ್ನು ಬಿಟ್ಟರಲ್ಲ ಅಂತ ಸಿಟ್ಟಾಗಿ ತಮ್ಮ ಹಣದಲ್ಲಿ ಅರ್ಧ ಅವರಿಗೆ ಕೊಟ್ಟರು. ಮೆಕ್ಲೌಡ್ ತಮ್ಮದರಲ್ಲಿ ಅರ್ಧ ಕಾಲಿಪ್‌ಗೆ ಕೊಟ್ಟರು. ಮುಂದೆ ಬ್ಯಾಂಟಿಂಗ್ ಚಿತ್ರ ಬರೆದರು, ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳ ಆರೋಗ್ಯದ ಸಂಶೋಧನೆಗೆ ದುಡಿದರು. 1941ರ ಫೆಬ್ರವರಿಯಲ್ಲಿ ಇಂಗ್ಲೆಂಡಿಗೆ ಹೊರಟ ವಿಮಾನ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬಿದ್ದು ತೀರಿಕೊಂಡರು. ವಯಸ್ಸು 49.

ಈಗ ಜಿಮ್ ಕಡೆಗೆ ಬರೋಣ. ಬಿಪಿಸಿ-157 ಬಗ್ಗೆ ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ. ಇಲಿಗಳ ಸ್ನಾಯು, ಕರುಳಿನ ಗಾಯಗಳು ಬೇಗ ಮಾಯುವುದು ಕಂಡಿದೆ. ಆದರೆ ಮನುಷ್ಯರ ಮೇಲಿನ ಅಧ್ಯಯನಗಳು ಬೆರಳೆಣಿಕೆಯಷ್ಟು, ಅವೂ ಚಿಕ್ಕವು. ಹೊಸ ರಕ್ತನಾಳ ಬೆಳೆಸುವ ಗುಣ ಗಾಯಕ್ಕೆ ಒಳ್ಳೆಯದಿರಬಹುದು, ಮೈಯಲ್ಲಿ ಎಲ್ಲೋ ಅಡಗಿರುವ ಗೆಡ್ಡೆಗೂ ಅದೇ ಗುಣ ನೆರವಾದರೆ ಅನ್ನೋ ಆತಂಕ ಹಾಗೇ ಇದೆ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2022ರಿಂದ ಕ್ರೀಡಾಪಟುಗಳಿಗೆ ಇದನ್ನು ನಿಷೇಧಿಸಿದೆ. 2023ರಲ್ಲಿ ಅಮೆರಿಕದ ಎಫ್‌ಡಿಎ, ಕಲ್ಮಶ ಮತ್ತು ರೋಗನಿರೋಧಕ ಪ್ರತಿಕ್ರಿಯೆಯ ಅಪಾಯ ಹೇಳಿ, ಎಚ್ಚರಿಕೆಯ ಪಟ್ಟಿಗೆ ಸೇರಿಸಿತು. ಆನ್‌ಲೈನ್‌ನಲ್ಲಿ ಸಿಗುವ ಸೀಸೆಯ ಮೇಲೆ ಸಂಶೋಧನೆಗೆ ಮಾತ್ರ ಅಂತ ಬರೆದಿರುತ್ತೆ. ನಮ್ಮ ಗೆಳೆಯರು ಓದದೆ ಬಿಡುವ ಸಾಲು ಅದೇ.

ಬಿಪಿಸಿ-157 ನಾಳೆ ಒಳ್ಳೆಯ ಔಷಧಿ ಆಗಲೂಬಹುದು, ನಾವು ಬೇಡ ಅನ್ನಲ್ಲ. ಆದರೆ ಇವತ್ತು ಅದು ಹೆಚ್ಚೆಂದರೆ 1922ರ ಜನವರಿ 11ರಲ್ಲಿದೆ. ಲಿಯೊನಾರ್ಡ್ ಸಾವಿನ ಬಾಗಿಲಲ್ಲಿದ್ದ, ನಮಗಿರೋದು ಭುಜದ ನೋವು. ಅವನ ಪಕ್ಕದಲ್ಲಿ ರಕ್ತ ಪರೀಕ್ಷೆ ಮಾಡಿ, ಬಾವು ನೋಡಿ, ಸಾಕು ನಿಲ್ಲಿಸಿ ಅನ್ನೋ ಡಾಕ್ಟರಿದ್ದರು. ಹಾಸ್ಟೆಲ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಸೂಜಿ ಹಿಡಿದವನಿಗೆ ಹಾಗೆ ಹೇಳೋರು ಯಾರಿದ್ದಾರೆ? ಪಕ್ಕದ ರೂಮಿನಲ್ಲಿರುವ ನಾವೇ ಹೇಳಬೇಕು. ಹೇಳಿ, ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.